ಆರು ಫ್ಯಾನ್‌ಗಳಿದ್ದೂ ಕುದಿಯುತ್ತಿದ್ದ ಕಂಪ್ಯೂಟರ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಫೋಟೊ ಸ್ಟುಡಿಯೊ ನಡೆಸುವವರೊಬ್ಬರ ಮನೆಯಲ್ಲಿ ನಡೆದ ಸಂಗತಿ ಇದು. ಊರಿನ ಹೆಸರು, ಅವರ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಸ್ಟುಡಿಯೊದವರು ಎಂದೇ ಕರೆಯುತ್ತೇನೆ. ಮದುವೆ, ಗೃಹಪ್ರವೇಶ, ಜಾತ್ರೆಗಳ ವಿಡಿಯೊ ಅವರ ಮುಖ್ಯ ಸಂಪಾದನೆ. 4ಕೆ ದೃಶ್ಯಗಳ ಭಾರ ಹೊರಲಾರದೆ ಹಳೆಯ ಕಂಪ್ಯೂಟರ್ ಕೈಚೆಲ್ಲಿದಾಗ, ಎಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಮನೆಯಲ್ಲೇ ಹೊಸದನ್ನು ಜೋಡಿಸಿಕೊಟ್ಟ. ರೈಜೆನ್ 5 5600ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ಮೆಮೊರಿ, ಎಲ್ಲಕ್ಕೂ ಕರೆಂಟ್ ಒದಗಿಸುವ 650 ವ್ಯಾಟ್‌ನ ಎಸ್‌ಎಂಪಿಎಸ್. ಈ ಆಯ್ಕೆಗಳಲ್ಲಿ ಹುಳುಕು ಹುಡುಕುವಂಥದ್ದೇನೂ ಇರಲಿಲ್ಲ.

ಇವನ್ನೆಲ್ಲ ಕೂರಿಸುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ಮಾತ್ರ ಕಣ್ಣಿಗೆ ಹಿಡಿಸಿತೆಂದು ಕೊಂಡದ್ದು. ಮುಂಭಾಗಕ್ಕೆ ಕಪ್ಪು ಗಾಜು, ಎಡಪಕ್ಕಕ್ಕೆ ಇನ್ನೊಂದು ಗಾಜು, ಒಳಗೆ ಬಣ್ಣ ಬದಲಿಸುವ ದೀಪಗಳಿರುವ 120 ಮಿ.ಮೀ. ಫ್ಯಾನ್‌ಗಳು. ಮುಂದಿನ ಮೂರು, ಹಿಂದಿನ ಒಂದು ಕ್ಯಾಬಿನೆಟ್ ಜೊತೆಗೇ ಬಂದಿದ್ದವು. ಬಿಸಿ ಗಾಳಿ ಮೇಲಕ್ಕೇರುತ್ತದೆ, ಮೇಲೆ ಎರಡು ಇರಲಿ ಎಂದು ಅಂಗಡಿಯವರು ಹೇಳಿದ್ದರಿಂದ ಹುಡುಗ ಇನ್ನೆರಡನ್ನು ಕೊಂಡು ಮೇಲ್ಭಾಗಕ್ಕೆ ಹಾಕಿದ್ದ. ಒಟ್ಟು ಆರು. ಮುಂದಿನವು ಗಾಳಿಯನ್ನು ಒಳಗೆಳೆಯುತ್ತವೆ, ಹಿಂದಿನದೂ ಮೇಲಿನವೂ ಹೊರಹಾಕುತ್ತವೆ. ದಿಕ್ಕುಗಳನ್ನು ಆತ ಸರಿಯಾಗಿಯೇ ಹಾಕಿದ್ದ. ರೆಕ್ಕೆಗಳು ತೆರೆದು ಕಾಣುವ ಮುಖದಿಂದ ಗಾಳಿ ಒಳಸೇರುತ್ತದೆ, ಮೋಟರನ್ನು ಹಿಡಿದಿರುವ ಅಡ್ಡಪಟ್ಟಿಗಳಿರುವ ಮುಖದಿಂದ ಹೊರಬೀಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇಂಥ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ, ಏಕೆಂದರೆ ಮನೆಯಲ್ಲಿ ಜೋಡಿಸಿದ ಯಂತ್ರಗಳಲ್ಲಿ ಒಂದಾದರೂ ಫ್ಯಾನ್ ತಿರುವುಮುರುವಾಗಿರುವುದು ಅಪರೂಪವೇನಲ್ಲ. ಇಲ್ಲಿ ಹಾಗಾಗಿರಲಿಲ್ಲ. ಈ ಪ್ರಕರಣವನ್ನು ಬರೆದಿಡಬೇಕೆನಿಸಿದ್ದೂ ಅದಕ್ಕೇ: ಪುಸ್ತಕದ ಪ್ರಕಾರ ಎಲ್ಲವೂ ಸರಿಯಾಗಿತ್ತು, ಯಂತ್ರ ಮಾತ್ರ ಬೇಯುತ್ತಿತ್ತು.

ತೊಂದರೆ

ಚಳಿಗಾಲದಲ್ಲಿ ಯಾವ ದೂರೂ ಇರಲಿಲ್ಲ. ಯುಗಾದಿ ಕಳೆದು ಮದುವೆಗಳು ಶುರುವಾದ ಮೇಲೆ ಮಧ್ಯಾಹ್ನದ ಹೊತ್ತು ಕೆಲಸ ಕುಂಟತೊಡಗಿತು. ತಿದ್ದಿದ ದೃಶ್ಯಗಳನ್ನು ಒಂದೇ ಫೈಲಾಗಿ ಸಿದ್ಧಪಡಿಸುವುದಕ್ಕೆ ಎಕ್ಸ್‌ಪೋರ್ಟ್ ಎನ್ನುತ್ತಾರೆ. ಬೆಳಿಗ್ಗೆ 50 ನಿಮಿಷದಲ್ಲಿ ಎಕ್ಸ್‌ಪೋರ್ಟ್ ಆಗುವ ವಿಡಿಯೊ ಮಧ್ಯಾಹ್ನ ಮೂರರ ಹೊತ್ತಿಗೆ 62 ನಿಮಿಷ ತೆಗೆದುಕೊಳ್ಳುತ್ತಿತ್ತು. ರಾತ್ರಿಯ ಆರತಕ್ಷತೆಯ ಮಂದ ಬೆಳಕಿನಲ್ಲಿ ತೆಗೆದ, ತೆರೆಯ ತುಂಬ ಕಾಳು ಕಾಳಾಗಿ ಕಾಣುವ ದೃಶ್ಯಗಳನ್ನು ತಿದ್ದುವಾಗಲಂತೂ ಗ್ರಾಫಿಕ್ಸ್ ಕಾರ್ಡಿನ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಒಂದೆರಡು ಸಲ ಕೆಲಸದ ನಡುವೆ ಯಂತ್ರ ದಿಢೀರನೆ ಆರಿಯೂ ಹೋಗಿತ್ತು.

ನನ್ನ ಕಿವಿಗೆ ವಿಷಯ ಬೀಳುವ ಮೊದಲೇ ಮೂರ್ನಾಲ್ಕು ಉಪಾಯಗಳು ನಡೆದಿದ್ದವು. ಊರಿನ ಕಂಪ್ಯೂಟರ್ ಅಂಗಡಿಯವರು ಪ್ರೊಸೆಸರಿನಿಂದ ಅದರ ಕೂಲರಿಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದ್ದರು. ಒಂದೆರಡು ಡಿಗ್ರಿ ಇಳಿದಿತ್ತು, ಅಷ್ಟೇ. ಕೋಣೆಯ ಏರ್ ಕೂಲರನ್ನು ಕ್ಯಾಬಿನೆಟ್ ಕಡೆಗೇ ತಿರುಗಿಸಿದ್ದರು. ಬೋರ್‌ವೆಲ್ ನೀರಿನ ಕೂಲರ್ ಹತ್ತಿರದಿಂದ ನೇರ ಬೀಸಿದರೆ ಸಣ್ಣ ಹನಿಗಳು ಗಾಳಿಯ ಜೊತೆ ಬಂದು, ಒಣಗಿದ ಮೇಲೆ ಬಿಳಿ ಪುಡಿಯನ್ನು ಬಿಟ್ಟುಹೋಗುತ್ತವೆ. ಸರ್ಕ್ಯೂಟ್ ಬೋರ್ಡಿನ ಮೇಲೆ ಅದು ಕೂರುವುದು ಯಾರಿಗೂ ಬೇಡ. ಕ್ಯಾಬಿನೆಟ್ಟಿನ ಕಪ್ಪು ಗಾಜಿನ ಮೇಲೆ ಆ ಚುಕ್ಕೆಗಳನ್ನು ಕಂಡ ಸ್ಟುಡಿಯೊದವರ ಹೆಂಡತಿ ಕೂಲರನ್ನು ಮತ್ತೆ ಕಿಟಕಿಯ ಹತ್ತಿರಕ್ಕೆ ತಳ್ಳಿದ್ದರು. ಇಡೀ ಪ್ರಕರಣದಲ್ಲಿ ಬೇಗ ಆದ ಒಳ್ಳೆಯ ತೀರ್ಮಾನ ಇದೊಂದೇ.

ಅಂಗಡಿಯವರ ಮುಂದಿನ ಸಲಹೆ, ಪ್ರೊಸೆಸರಿನ ಶಾಖವನ್ನು ದ್ರವದ ಮೂಲಕ ಒಯ್ಯುವ ಲಿಕ್ವಿಡ್ ಕೂಲರ್. ಹಣ ಕೊಡುವುದಕ್ಕೆ ಸ್ಟುಡಿಯೊದವರು ಸಿದ್ಧರಿದ್ದರು. "ಮಾಮಾ, ಒಂದು ವಾರ ತಡೆಯಿರಿ" ಎಂದು ಹೇಳಿ ಹುಡುಗ ನನಗೆ ಫೋನ್ ಮಾಡಿದ.

83ರಲ್ಲಿ ನಿಂತ ಅಂಕಿ

ಆತ ಕಳಿಸಿದ ಪರದೆಯ ಚಿತ್ರಗಳಲ್ಲಿ ಪ್ರೊಸೆಸರ್ 85 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ 83 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದವು. ಎಷ್ಟೇ ಹೊತ್ತು ಕೆಲಸ ಕೊಟ್ಟರೂ ಕಾರ್ಡು 83 ದಾಟುತ್ತಿಲ್ಲವಲ್ಲ, ಹಾಗಾದರೆ ಅದು ಕ್ಷೇಮವಾಗಿದೆ, ತೊಂದರೆ ಪ್ರೊಸೆಸರಿನದ್ದೇ ಎಂಬುದು ಮನೆಯವರ ಲೆಕ್ಕ. ಲಿಕ್ವಿಡ್ ಕೂಲರಿನ ಮಾತು ಹುಟ್ಟಿದ್ದೂ ಈ ಲೆಕ್ಕದಿಂದಲೇ.

ವಾಸ್ತವ ಇದಕ್ಕೆ ತದ್ವಿರುದ್ಧವಾಗಿತ್ತು. ಇದನ್ನು ತಯಾರಿಸುವ ಎನ್ವಿಡಿಯಾ ಕಂಪನಿಯ ಈ ಪೀಳಿಗೆಯ ಕಾರ್ಡುಗಳು ಸಾಮಾನ್ಯವಾಗಿ 83 ಡಿಗ್ರಿಯನ್ನು ಗುರಿಯಾಗಿಟ್ಟುಕೊಂಡಿರುತ್ತವೆ. ಅಲ್ಲಿಗೆ ಮುಟ್ಟಿದ ಮೇಲೆ ಉಷ್ಣತೆಯನ್ನು ಏರಗೊಡುವುದಿಲ್ಲ. ಬದಲಿಗೆ ತಮ್ಮ ವೇಗವನ್ನು ಇಳಿಸಿಕೊಳ್ಳುತ್ತವೆ. ಈ ಕಾರ್ಡಿಗೆ ತಯಾರಕರು ಹೇಳುವ ಬೂಸ್ಟ್ ವೇಗ 1,777 ಮೆಗಾಹರ್ಟ್ಸ್. ತಣ್ಣಗಿರುವಾಗ ಅದನ್ನೂ ಮೀರಿ ಓಡುತ್ತದೆ. ಆದರೆ ಮಧ್ಯಾಹ್ನದ ಚಿತ್ರಗಳಲ್ಲಿ ವೇಗದ ಸಾಲು 1,500ರ ಆಸುಪಾಸಿನಲ್ಲಿ ತೂಗಾಡುತ್ತಿತ್ತು. ಕಾಣೆಯಾದ ಹನ್ನೆರಡು ನಿಮಿಷಗಳು ಹೋಗಿದ್ದು ಅಲ್ಲಿಗೆ. 5600ಎಕ್ಸ್ ಪ್ರೊಸೆಸರಿಗೆ ತಯಾರಕರು ಕೊಟ್ಟ ಮಿತಿ 95 ಡಿಗ್ರಿ. 85ರಲ್ಲಿ ಅದು ಹಿತವಾಗಿಲ್ಲದಿದ್ದರೂ ಕೆಲಸ ನಿಲ್ಲಿಸಿರಲಿಲ್ಲ. ಪ್ರೊಸೆಸರಿಗೆ ಎಂಥ ದುಬಾರಿ ಕೂಲರ್ ಹಾಕಿದ್ದರೂ ಎಕ್ಸ್‌ಪೋರ್ಟ್ ಒಂದು ನಿಮಿಷವೂ ಬೇಗ ಮುಗಿಯುತ್ತಿರಲಿಲ್ಲ ಎಂದೇ ನನ್ನ ಅಂದಾಜು. ಖರೀದಿ ನಿಂತಿತು. ಉಷ್ಣತೆಯ ಅಂಕಿಯೊಂದನ್ನೇ ನೋಡಿ, ಪಕ್ಕದಲ್ಲಿರುವ ವೇಗದ ಅಂಕಿಯನ್ನು ನೋಡದೆ ಇದ್ದರೆ ಕಾಯಿಲೆ ಒಂದು, ಮದ್ದು ಇನ್ನೊಂದು ಎಂಬಂತಾಗುತ್ತಿತ್ತು.

ಇನ್ನೊಂದು ಸಾಕ್ಷ್ಯವನ್ನೂ ಅವರು ಅಪಾರ್ಥ ಮಾಡಿಕೊಂಡಿದ್ದರು. ಒಮ್ಮೆ ಕ್ಯಾಬಿನೆಟ್ಟನ್ನು ಟೇಬಲ್ಲಿನಿಂದ ಹೊರಗೆಳೆದು, ಪಕ್ಕದ ಗಾಜನ್ನು ತೆಗೆದು, ಟೇಬಲ್ ಫ್ಯಾನ್ ಹಚ್ಚಿದಾಗ ಉಷ್ಣತೆ ಹತ್ತಕ್ಕೂ ಹೆಚ್ಚು ಡಿಗ್ರಿ ಇಳಿದಿತ್ತು. "ಅಂದರೆ ಫ್ಯಾನ್‌ಗಳು ಸಾಲವು, ಅಲ್ಲವೇ?" ಎಂದು ಹುಡುಗ ಕೇಳಿದ. ಪಕ್ಕದ ಗಾಜು ತೆಗೆದು ನೋಡುವುದು ಒಳ್ಳೆಯ ಪರೀಕ್ಷೆಯೇ. ತೆಗೆದಾಗ ಉಷ್ಣತೆ ಬಹಳ ಇಳಿದರೆ ಗಾಳಿಯ ಹರಿವಿನಲ್ಲಿ ಎಲ್ಲೋ ತಡೆಯಿದೆ ಎಂದರ್ಥ. ಆದರೆ ಇಲ್ಲಿ ಒಂದೇ ಏಟಿಗೆ ಮೂರು ಬದಲಾವಣೆಗಳಾಗಿದ್ದವು: ಜಾಗ, ಗಾಜು, ಹೊರಗಿನ ಫ್ಯಾನ್. ಇಳಿದದ್ದು ಯಾವುದರಿಂದ ಎಂದು ಹೇಳುವವರು ಯಾರು? ಗಾಜು ಬಿಚ್ಚಿಟ್ಟು ಕೆಲಸ ಮುಂದುವರಿಸಿದ ದಿನಗಳಲ್ಲಿ ದೂಳು ನೇರ ಒಳಗೆ ಬಂದಿತ್ತು. ಅದಕ್ಕೆ ಅಡುಗೆಮನೆಯ ಒಗ್ಗರಣೆಯ ಹೊಗೆ ಸೇರಿ, ಶಾಖವನ್ನು ಗಾಳಿಗೆ ಬಿಡುವ ಲೋಹದ ಹೀಟ್ ಸಿಂಕಿನ ಎಲೆಗಳ ಸಂದಿಯಲ್ಲಿ ಕಂದು ಬಣ್ಣದ ಜಿಡ್ಡು ಕಟ್ಟಿತ್ತು. ಬ್ಲೋವರ್ ಹಿಡಿದರೂ ಅದು ಏಳಲಿಲ್ಲ; ಕುಂಚದಿಂದ ತಿಕ್ಕಿ ತೆಗೆಯಬೇಕಾಯಿತು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಬೇಕು. ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗಿಗೆ ಕೇಡು.

ಊದುಬತ್ತಿ ತೋರಿಸಿದ ದಾರಿ

ಅಲ್ಲಿಗೆ ಹೋದಾಗ ಮೊದಲು ಮಾಡಿದ ಕೆಲಸ ಪರೀಕ್ಷೆಯನ್ನು ಗೊತ್ತುಮಾಡಿಕೊಂಡದ್ದು. ಒಂದೇ ವಿಡಿಯೊ, ಅರ್ಧ ಗಂಟೆಯ ಓಟ, ಅಂಕಿಗಳು ಏರುವುದನ್ನು ನಿಲ್ಲಿಸಿದ ಮೇಲೆ ಬರೆದುಕೊಳ್ಳುವುದು. ಜೊತೆಗೆ ಕೋಣೆಯ ಉಷ್ಣತೆ. ಬಯಲುಸೀಮೆಯ ಬೇಸಗೆಯಲ್ಲಿ ಕೋಣೆ ಬೆಳಿಗ್ಗೆ 30, ಮಧ್ಯಾಹ್ನ 38 ಇರುತ್ತದೆ. ಬೆಳಿಗ್ಗೆಯ ಅಂಕಿಯನ್ನು ಮಧ್ಯಾಹ್ನದ ಅಂಕಿಯ ಜೊತೆ ಹೋಲಿಸಿದರೆ ಯಾವ ಬದಲಾವಣೆಯಾದರೂ ಗೆದ್ದಂತೆಯೋ ಸೋತಂತೆಯೋ ಕಾಣಬಹುದು. ಕೋಣೆಗಿಂತ ಎಷ್ಟು ಹೆಚ್ಚು ಎಂಬುದೊಂದೇ ನಂಬಬಹುದಾದ ಅಳತೆ.

ಕೋಣೆ 36 ಡಿಗ್ರಿ ಇದ್ದಾಗ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಅಗ್ಗದ ಥರ್ಮಾಮೀಟರನ್ನು ಕ್ಯಾಬಿನೆಟ್ಟಿನ ಮುಂದಿನ ಗಾಜಿನ ಸಂದಿಗೆ ಹಿಡಿದೆವು. 46 ತೋರಿಸಿತು. ಒಳಗೆ ಹೋಗುವ ಗಾಳಿಯೇ ಕೋಣೆಗಿಂತ ಹತ್ತು ಡಿಗ್ರಿ ಬಿಸಿ!

ಕ್ಯಾಬಿನೆಟ್ ಇದ್ದದ್ದು ಕಂಪ್ಯೂಟರ್ ಟೇಬಲ್ಲಿನ ಗೂಡಿನಲ್ಲಿ. ಎಡಬಲಕ್ಕೆ ಪ್ಲೈವುಡ್, ಮೇಲೆ ಪ್ಲೈವುಡ್, ಹಿಂದೆ ಕೂಡ ಪ್ಲೈವುಡ್. ವೈರುಗಳಿಗೆಂದು ಬಟ್ಟಲಿನಗಲದ ಒಂದು ತೂತು. ಮುಂದೆ ಮಾತ್ರ ಬಯಲು. ಸನ್ಮೈಕಾ ಗೀರಬಾರದೆಂದು ಕ್ಯಾಬಿನೆಟ್ಟಿನ ಕೆಳಗೆ ಮಡಚಿದ ಟವೆಲ್ ಹಾಸಿದ್ದರು. ಎಸ್‌ಎಂಪಿಎಸ್‌ನ ಫ್ಯಾನ್ ಕೆಳಮುಖವಾಗಿದ್ದು, ಕ್ಯಾಬಿನೆಟ್ಟಿನ ತಳದ ಜಾಲರಿಯಿಂದ ಗಾಳಿ ಎಳೆಯುವಂಥದ್ದು. ಟವೆಲ್ಲನ್ನು ಎತ್ತಿದಾಗ ಅದರ ಮೇಲೆ ಚೌಕಾಕಾರದ ದೂಳಿನ ಗುರುತು ಅಚ್ಚೊತ್ತಿದಂತೆ ಮೂಡಿತ್ತು.

ಹುಡುಗ ದೇವರ ಮನೆಯಿಂದ ಒಂದು ಊದುಬತ್ತಿ ತಂದ. ಕೋಣೆಯ ಫ್ಯಾನ್, ಕೂಲರ್ ಎಲ್ಲ ಆರಿಸಿ, ಗೂಡಿನ ಹಿಂದಿನ ತೂತಿನಿಂದ ಕೈ ತೂರಿಸಿ, ಹಚ್ಚಿದ ಬತ್ತಿಯನ್ನು ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಆಡಿಸಿದೆವು. ಹಿಂದಿನ ಫ್ಯಾನಿನ ಎದುರು ಹೊಗೆ ಚದುರಿತು, ಅದು ಸರಿಯೇ. ಸ್ವಲ್ಪ ಕೆಳಗೆ, ಗ್ರಾಫಿಕ್ಸ್ ಕಾರ್ಡಿನ ಪಕ್ಕದ ಖಾಲಿ ಸ್ಲಾಟುಗಳ ಸಣ್ಣ ರಂಧ್ರಗಳ ಬಳಿ ತಂದಾಗ ಹೊಗೆಯ ಎಳೆ ನೆಟ್ಟಗಾಗಿ, ಸರಕ್ಕನೆ ಒಳಗೆ ಹೋಯಿತು. ಬತ್ತಿಯನ್ನು ಎತ್ತ ಸರಿಸಿದರೂ ಅದೇ. ಮುಂದಿನ ಗಾಜಿನ ಸಂದಿಯಲ್ಲಿ ಹಿಡಿದರೆ ಹೊಗೆ ಸೋಮಾರಿಯಂತೆ ಮೇಲೇರಿ ಅಲ್ಲೇ ಸುತ್ತುತ್ತಿತ್ತು, ಒಳಗೆ ಹೋಗುವ ಆತುರವೇನೂ ಅದಕ್ಕಿರಲಿಲ್ಲ.

ಅಲ್ಲಿಗೆ ಚಿತ್ರ ಪೂರ್ತಿಯಾಯಿತು. ಮುಂದಿನ ಮೂರು ಫ್ಯಾನ್‌ಗಳ ಬಾಯಿಗೆ ಗಾಜು ಅಡ್ಡವಿತ್ತು. ಗಾಜಿನ ಎರಡು ಅಂಚಿನ ಬೆರಳಗಲದ ಸಂದಿಯಿಂದ ಬಂದಷ್ಟೇ ಗಾಳಿ. ಹೊರಹಾಕುವ ಮೂರಕ್ಕೆ ಅಂಥ ಅಡ್ಡಿಯಿಲ್ಲ. ಹೊರಹೋಗುವುದು ಹೆಚ್ಚು, ಒಳಬರುವುದು ಕಡಿಮೆ. ಕೊರತೆಯನ್ನು ಕ್ಯಾಬಿನೆಟ್ ಸಿಕ್ಕ ಸಿಕ್ಕ ರಂಧ್ರದಿಂದ ತುಂಬಿಕೊಳ್ಳುತ್ತಿತ್ತು. ಕಿಟಕಿಯೆಲ್ಲ ಮುಚ್ಚಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಬಚ್ಚಲಿನ ಬಾಗಿಲ ಸಂದಿಯಿಂದ ಗಾಳಿ ಬರುವುದಿಲ್ಲವೇ, ಹಾಗೆ. ಇಲ್ಲಿ ಆ ಸಂದಿ ತೆರೆದುಕೊಂಡದ್ದು ಮುಚ್ಚಿದ ಗೂಡಿನ ಹಿಂಭಾಗಕ್ಕೆ, ಅಂದರೆ ಯಂತ್ರವೇ ಆಗತಾನೆ ಉಗುಳಿದ ಬಿಸಿ ಗಾಳಿಗೆ. ಆರು ಫ್ಯಾನ್‌ಗಳು ಅದೇ ಗಾಳಿಯನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದವು.

ಒಂದೊಂದೇ ಬದಲಾವಣೆ

ಮೊದಲ ತೀರ್ಮಾನಕ್ಕೆ ಕಾಸಿನ ಖರ್ಚಿಲ್ಲ. ಕ್ಯಾಬಿನೆಟ್ಟನ್ನು ಗೂಡಿನಿಂದ ತೆಗೆದು, ಟೇಬಲ್ ಪಕ್ಕದಲ್ಲಿ ಒಂದು ಗಿಡ್ಡ ಮರದ ಸ್ಟೂಲಿನ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ ಇಟ್ಟೆವು. ಟವೆಲ್ ಹೋಯಿತು. ಪಕ್ಕದ ಗಾಜು ತನ್ನ ಜಾಗದಲ್ಲೇ ಇತ್ತು, ಬೇರೇನನ್ನೂ ಮುಟ್ಟಲಿಲ್ಲ. ಕೋಣೆ ಅದೇ 36. ಕಾರ್ಡು 79ಕ್ಕೂ ಪ್ರೊಸೆಸರ್ 78ಕ್ಕೂ ಇಳಿದವು. ಕಾರ್ಡಿನ ವೇಗ 1,750 ದಾಟಿತು.

ಒಳಬರುವ ಗಾಳಿ ಹತ್ತಿರಹತ್ತಿರ ಹತ್ತು ಡಿಗ್ರಿ ತಣ್ಣಗಾದರೂ ಪ್ರೊಸೆಸರ್ ಇಳಿದದ್ದು ಏಳೇ, ಕಾರ್ಡು ನಾಲ್ಕೇ. ಸ್ಟುಡಿಯೊದವರಿಗೆ ಇದು ಸಪ್ಪೆ ಎನಿಸಿತು. ಇದರ ಕಾರಣವನ್ನು ತಿಳಿದುಕೊಳ್ಳುವುದು ಮುಖ್ಯ. ಮೊದಲು ಕಾರ್ಡು ಬಿಸಿಗೆ ಹೆದರಿ ಕಡಿಮೆ ಕೆಲಸ ಮಾಡುತ್ತಿತ್ತು, ಹಾಗಾಗಿ ಕಡಿಮೆ ಶಾಖವನ್ನು ಹೊರಬಿಡುತ್ತಿತ್ತು. ಈಗ ಪೂರ್ತಿ ದುಡಿಯುತ್ತಿದೆ, ಅದರ ಪಾಲಿನ 170 ವ್ಯಾಟ್ ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಬೀಳುತ್ತಿದೆ. ಲಾಭದ ಒಂದು ಪಾಲು ಉಷ್ಣತೆಯಲ್ಲಿ ಕಂಡರೆ ಇನ್ನೊಂದು ಪಾಲು ವೇಗದಲ್ಲಿ ಸಿಕ್ಕಿತ್ತು.

ಎರಡನೆಯದು ಮುಂದಿನ ಗಾಜು. ಇಲ್ಲಿ ವಾದವೇ ನಡೆಯಿತು. ಸ್ಟುಡಿಯೊಗೆ ಬರುವ ಗಿರಾಕಿಗಳು ಆಲ್ಬಂ ಆರಿಸಲು ಕೂರುವುದು ಇದೇ ಕೋಣೆಯಲ್ಲಿ. ಬಣ್ಣದ ದೀಪಗಳು ತಿರುಗುವುದನ್ನು ನೋಡಿ, ಒಳ್ಳೆಯ ಮಷಿನ್ ಇಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಇದನ್ನು ಹುಚ್ಚು ಎಂದು ತಳ್ಳಿಹಾಕುವಂತಿಲ್ಲ, ಅವರ ವ್ಯಾಪಾರದ ಮರ್ಯಾದೆಯ ಮಾತು. ಸೆಕೆಗಾಲ ಮುಗಿಯುವ ತನಕ ಗಾಜು ಬೇಡ, ಆಮೇಲೆ ನೋಡೋಣ ಎಂದು ಒಪ್ಪಂದವಾಯಿತು. ಗಾಜು ಬಿಚ್ಚಿ, ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಪರದೆಯ ತುಂಡನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಅಂಟಿಸಿದೆವು. ಕಾರ್ಡು 74, ಪ್ರೊಸೆಸರ್ 73. ಊದುಬತ್ತಿಯ ಹೊಗೆ ಈಗ ಮುಂಭಾಗದಲ್ಲಿ ಗೇಣು ದೂರದಿಂದಲೇ ಫ್ಯಾನಿನತ್ತ ವಾಲುತ್ತಿತ್ತು.

ಮೂರನೆಯ ತೀರ್ಮಾನವನ್ನು ಹುಡುಗ ಸುತರಾಂ ಒಪ್ಪಲಿಲ್ಲ. ಮೇಲಿನ ಎರಡು ಫ್ಯಾನ್‌ಗಳಲ್ಲಿ ಮುಂದಿನದನ್ನು ಕಳಚಬೇಕು ಎಂದೆ.

"ಫ್ಯಾನ್ ಕಡಿಮೆ ಮಾಡಿದರೆ ತಣ್ಣಗಾಗುತ್ತದೆಯೇ, ಸರ್?"

"ಅಳಿಯಾ, ಸರ್ ಹೇಳಿದ್ದನ್ನು ಮಾಡಿ ನೋಡು. ಆಗದಿದ್ದರೆ ತಿರುಗಿ ಹಾಕಿದರಾಯಿತು, ನಾಲ್ಕು ಸ್ಕ್ರೂ ತಾನೇ" ಎಂದರು ಸ್ಟುಡಿಯೊದವರು.

ಮುಂದಿನ ಫ್ಯಾನ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನದು ಒಳಗೆಳೆದ ತಣ್ಣನೆಯ ಗಾಳಿ ಪ್ರೊಸೆಸರಿನ ಕೂಲರನ್ನು ಮುಟ್ಟಬೇಕು. ಅದರ ನೆತ್ತಿಯ ಮೇಲೇ ಕೂತಿದ್ದ ಈ ಫ್ಯಾನ್ ಆ ಗಾಳಿಯನ್ನು ದಾರಿಯಲ್ಲೇ ಹಿಡಿದು ಹೊರಗೆ ಎಸೆಯುತ್ತಿತ್ತು. ಅದನ್ನು ತೆಗೆದು, ಖಾಲಿ ಜಾಗಕ್ಕೆ ರಟ್ಟಿನ ತುಂಡೊಂದನ್ನು ಅಳತೆಗೆ ಕತ್ತರಿಸಿ ಮುಚ್ಚಿದೆವು. ಪ್ರೊಸೆಸರ್ 70ಕ್ಕೆ ಇಳಿಯಿತು, ಕಾರ್ಡು 73ಕ್ಕೆ. ಮೂರು ಡಿಗ್ರಿ ದೊಡ್ಡ ಸಂಖ್ಯೆಯಲ್ಲ, ಆದರೆ ಒಂದು ಫ್ಯಾನ್ ಕಡಿಮೆ ಮಾಡಿ ಪಡೆದ ಮೂರು ಡಿಗ್ರಿ ಅದು. ಒಳಕ್ಕೆ ಮೂರು, ಹೊರಕ್ಕೆ ಎರಡು ಆಗಿ, ಕ್ಯಾಬಿನೆಟ್ಟಿನೊಳಗೆ ಗಾಳಿಯ ಒತ್ತಡ ಹೊರಗಿಗಿಂತ ತುಸು ಹೆಚ್ಚಾಯಿತು. ಹಿಂದಿನ ಸ್ಲಾಟುಗಳ ಬಳಿ ಬತ್ತಿ ಹಿಡಿದರೆ ಹೊಗೆ ಈಗ ಮೆಲ್ಲಗೆ ಹೊರಕ್ಕೆ ಬಾಗುತ್ತಿತ್ತು. ಹುಡುಗ ಇದನ್ನು ತನ್ನ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡ; ಅಂಕಿಗಳಿಗಿಂತ ಅವನನ್ನು ಒಪ್ಪಿಸಿದ್ದು ಆ ಹೊಗೆ.

ಬಿಸಿ ಗಾಳಿ ಮೇಲಕ್ಕೇರುತ್ತದೆ ಎಂಬ ಅಂಗಡಿಯವರ ಮಾತಿಗೆ ಇಲ್ಲಿ ನ್ಯಾಯ ಸಲ್ಲಬೇಕು. ಅದು ಸುಳ್ಳಲ್ಲ, ಆದರೆ ಅದರ ಬಲ ಎಷ್ಟು ಎಂಬ ಪ್ರಶ್ನೆಯಿದೆ. 45 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯೊಳಗೆ ಗಾಳಿ ಹೊರಗಿಗಿಂತ ಹತ್ತು ಡಿಗ್ರಿ ಬಿಸಿಯಿದ್ದರೆ ಅದು ಮೇಲೇರುವ ಒತ್ತಡ ಸುಮಾರು 0.15 ಪ್ಯಾಸ್ಕಲ್. ಒಂದು ಸಾಧಾರಣ 120 ಮಿ.ಮೀ. ಫ್ಯಾನ್ ಹುಟ್ಟಿಸಬಲ್ಲ ಗರಿಷ್ಠ ಒತ್ತಡ ಹತ್ತು ಪ್ಯಾಸ್ಕಲ್‌ಗೂ ಮೇಲೆ. ಫ್ಯಾನ್ ಯಾವ ಕಡೆಗೆ ತಳ್ಳುತ್ತದೆಯೋ ಗಾಳಿ ಆ ಕಡೆಗೇ ಹೋಗುತ್ತದೆ, ಬಿಸಿಯಿರಲಿ ತಣ್ಣಗಿರಲಿ. ಫ್ಯಾನೇ ಇಲ್ಲದ ಯಂತ್ರಕ್ಕೆ ಅಂಗಡಿಯವರ ನಿಯಮ ಸರಿ.

ಇನ್ನೊಂದು ಲೆಕ್ಕವನ್ನು ಅಲ್ಲೇ ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಹಾಕಿ ತೋರಿಸಿದೆ. ಪೆಟ್ಟಿಗೆಯೊಳಗೆ 250 ವ್ಯಾಟ್ ಶಾಖ ಬೀಳುತ್ತಿದ್ದು, ನಿಮಿಷಕ್ಕೆ 40 ಘನ ಅಡಿ ಗಾಳಿ ಹಾದುಹೋದರೆ ಆ ಗಾಳಿ ಸುಮಾರು 11 ಡಿಗ್ರಿ ಕಾಯುತ್ತದೆ. 80 ಘನ ಅಡಿಯಾದರೆ ಐದೂವರೆ. 160 ಆದರೆ ಮೂರಕ್ಕೂ ಕಡಿಮೆ. ಮೊದಲ ಸಲ ಗಾಳಿಯನ್ನು ದುಪ್ಪಟ್ಟು ಮಾಡಿದಾಗ ಐದೂವರೆ ಡಿಗ್ರಿ ಲಾಭ, ಎರಡನೆಯ ಸಲ ಅದರ ಅರ್ಧ. ದಾರಿ ತೆರವಾದ ಮೇಲೆ ಫ್ಯಾನ್ ಸೇರಿಸುತ್ತ ಹೋದರೆ ಹಣವೂ ಸದ್ದೂ ಹೆಚ್ಚುತ್ತವೆ, ಉಷ್ಣತೆ ಹೆಚ್ಚೇನೂ ಇಳಿಯುವುದಿಲ್ಲ. ಒಳಬರುವ ಗಾಳಿಯ ಕಥೆ ಬೇರೆ: ಅದು ಒಂದು ಡಿಗ್ರಿ ಏರಿದರೆ ಒಳಗಿನದೆಲ್ಲ ಒಂದು ಡಿಗ್ರಿ ಏರುತ್ತದೆ, ಯಾವ ರಿಯಾಯಿತಿಯೂ ಇಲ್ಲ. ಪೆಟ್ಟಿಗೆ ಎಲ್ಲಿದೆ ಎಂಬುದನ್ನು ಬಿಟ್ಟು ಪೆಟ್ಟಿಗೆಯೊಳಗನ್ನೇ ನೋಡುತ್ತಿದ್ದರೆ ಈ ಮನೆಯವರು ಇನ್ನಷ್ಟು ಫ್ಯಾನ್ ಕೊಳ್ಳುತ್ತಲೇ ಇರುತ್ತಿದ್ದರು.

ಸದ್ದು

ಕೊನೆಯ ಬದಲಾವಣೆಗೆ ಮಾತ್ರ ಹಣ ಬೇಕಾಯಿತು. ಫ್ಯಾನ್‌ಗಳೆಲ್ಲ ಕ್ಯಾಬಿನೆಟ್ ಕಂಪನಿಯ ಹಬ್ಬಿಗೆ, ಅಂದರೆ ವೈರುಗಳನ್ನು ಒಟ್ಟುಗೂಡಿಸುವ ಭಾಗಕ್ಕೆ ಸೇರಿ, ಹಬ್ಬು ನೇರವಾಗಿ ಎಸ್‌ಎಂಪಿಎಸ್‌ಗೆ ಸೇರಿತ್ತು. ಅಂದರೆ ಬೇಕಿದ್ದರೂ ಬೇಡವಾಗಿದ್ದರೂ ಪೂರ್ತಿ ವೇಗ. ಅವುಗಳ ಆರು ಪಿನ್ನಿನ ಕನೆಕ್ಟರ್ ಮದರ್‌ಬೋರ್ಡಿಗೆ ಹೊಂದುವುದೂ ಇಲ್ಲ. ಗಾಜು ಹೋದ ಮೇಲೆ ಈ ಗುಂಯ್ ಶಬ್ದ ಹೆಚ್ಚು ಕೇಳತೊಡಗಿತ್ತು. ಮುಂದಿನ ಮೂರರಲ್ಲಿ ಮೇಲಿನ ಎರಡನ್ನು ತೆಗೆದು, ನಾಲ್ಕು ಪಿನ್ನಿನ ಸಾದಾ ಕಪ್ಪು ಫ್ಯಾನ್‌ಗಳನ್ನು ಹಾಕಿ, ಒಂದು ವೈರನ್ನು ಎರಡಾಗಿ ಕವಲೊಡೆಸುವ ಸ್ಪ್ಲಿಟರ್ ಮೂಲಕ ಮದರ್‌ಬೋರ್ಡಿನ ಫ್ಯಾನ್ ಹೆಡರಿಗೆ (ಫ್ಯಾನಿನ ವೈರು ಸಿಕ್ಕಿಸುವ ಪಿನ್ನುಗಳಿಗೆ) ಕೊಟ್ಟೆವು. ಸಾಮಾನ್ಯವಾಗಿ ಒಂದು ಹೆಡರ್ ಒಂದು ಆಂಪಿಯರ್ ತನಕ ತಡೆಯುತ್ತದೆ. ಇಂಥ ಎರಡು ಫ್ಯಾನ್‌ಗಳಿಗೆ ಅದರ ಅರ್ಧವೂ ಬೇಡ. ಮುಂದಿನ ಮೂರನೆಯದು, ಅಂದರೆ ತಳದ್ದು, ಎಸ್‌ಎಂಪಿಎಸ್ ಅರೆಯೊಳಗಿನ ಹಾರ್ಡ್ ಡಿಸ್ಕುಗಳಿಗೆ ಬೀಸುತ್ತಿತ್ತು. ಅದನ್ನು ಹಾಗೇ ಬಿಟ್ಟೆವು.

ವೇಗವನ್ನು ಹೊಂದಿಸುವಾಗ ಒಂದು ತೊಡಕು ಎದುರಾಯಿತು. ಈ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್ ಫ್ಯಾನುಗಳ ವೇಗವನ್ನು ಪ್ರೊಸೆಸರಿನ ಉಷ್ಣತೆ ನೋಡಿ ಏರಿಸಿ ಇಳಿಸುತ್ತದೆ. ಇವರ ಕೆಲಸದಲ್ಲಿ ಹೆಚ್ಚು ಕಾಯುವುದು ಗ್ರಾಫಿಕ್ಸ್ ಕಾರ್ಡು. ಅದು ಬೇಯುತ್ತಿದ್ದರೂ ಬಯಾಸಿಗೆ ಸುದ್ದಿಯಿಲ್ಲ. ಕಾರ್ಡಿನ ಉಷ್ಣತೆಗೆ ಫ್ಯಾನ್ ಜೋಡಿಸುವ ತಂತ್ರಾಂಶಗಳಿವೆ. ಆದರೆ ಕೆಲಸದ ಯಂತ್ರದಲ್ಲಿ ಇನ್ನೊಂದು ತಂತ್ರಾಂಶ ಓಡಿಸುವುದು ಸ್ಟುಡಿಯೊದವರಿಗೆ ಬೇಡವಾಗಿತ್ತು. ಹಾಗಾಗಿ ಕನಿಷ್ಠ ವೇಗವನ್ನೇ ನಿಮಿಷಕ್ಕೆ 900 ಸುತ್ತಿಗೆ ಕಟ್ಟಿ, ಪ್ರೊಸೆಸರ್ 65 ದಾಟಿದರೆ 1,200ರ ತನಕ ಏರುವಂತೆ ಮಾಡಿದೆವು. ಫ್ಯಾನಿನ ವೇಗ ದುಪ್ಪಟ್ಟಾದರೆ ಗಾಳಿಯೂ ದುಪ್ಪಟ್ಟು, ಆದರೆ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. ಮೂರು ಫ್ಯಾನ್ ನಿಧಾನ ತಿರುಗುವುದು ಒಂದು ಫ್ಯಾನ್ ಅರಚುವುದಕ್ಕಿಂತ ಕಿವಿಗೆ ಹಿತ. ಉಷ್ಣತೆ ಇನ್ನೊಂದು ಡಿಗ್ರಿ ಇಳಿಯಿತು. ದೊಡ್ಡ ಬದಲಾವಣೆ ಕಂಡದ್ದು ಕಾರ್ಡಿನ ಸ್ವಂತ ಫ್ಯಾನ್‌ಗಳಲ್ಲಿ: ಮೊದಲು ಪೂರ್ತಿ ಓಡುತ್ತಿದ್ದವು, ಈಗ ಅರ್ಧ ವೇಗ ದಾಟುತ್ತಿರಲಿಲ್ಲ.

ಆಮೇಲೆ

ಮೇ ತಿಂಗಳ ಒಂದು ಮಧ್ಯಾಹ್ನ ಕೋಣೆ 39 ಇದ್ದಾಗ ಹುಡುಗ ಅದೇ ಪರೀಕ್ಷೆಯನ್ನು ಮಾಡಿ ಅಂಕಿಗಳನ್ನು ಕಳಿಸಿದ. ಕಾರ್ಡು 75, ಪ್ರೊಸೆಸರ್ 72. ಕೋಣೆಗಿಂತ 36 ಮತ್ತು 33 ಹೆಚ್ಚು. ಏಪ್ರಿಲ್‌ನಲ್ಲಿ ನಾವು ಬಿಟ್ಟುಬಂದಾಗಲೂ ಇಷ್ಟೇ ಇತ್ತು. ಎಕ್ಸ್‌ಪೋರ್ಟ್ ಬೆಳಿಗ್ಗೆಯೂ ಮಧ್ಯಾಹ್ನವೂ 50 ನಿಮಿಷದ ಆಸುಪಾಸು.

ಆದರೆ ಯಂತ್ರ ಮತ್ತೊಮ್ಮೆ ದಿಢೀರನೆ ಆರಿತ್ತು. ಯಾವಾಗ ಎಂದು ವಿಚಾರಿಸಿದರೆ, ಕರೆಂಟ್ ಹೋದಾಗ. ಹಿಂದಿನ ಸಲಗಳಲ್ಲಿ? ನೆನಪು ಮಾಡಿಕೊಂಡು ನೋಡಿದರೆ ಆಗಲೂ ಕರೆಂಟ್ ಹೋಗಿತ್ತು. ಅವರಲ್ಲಿದ್ದದ್ದು 600 ವಿಎ ಯುಪಿಎಸ್. ಅದು ಕೊಡಬಲ್ಲದ್ದು 360 ವ್ಯಾಟ್. ಎಕ್ಸ್‌ಪೋರ್ಟ್ ನಡೆಯುವಾಗ ಯಂತ್ರವೊಂದೇ ಗೋಡೆಯಿಂದ 340 ವ್ಯಾಟ್ ಎಳೆಯುತ್ತಿತ್ತು, ಮಾನಿಟರ್ ಸೇರಿದರೆ ಮಿತಿ ದಾಟುತ್ತಿತ್ತು. ಬಿಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಸೆಕೆಯ ದಿನಗಳಲ್ಲೇ ಕರೆಂಟ್ ಹೆಚ್ಚು ಹೋಗುವುದರಿಂದ ಎರಡೂ ಒಂದೇ ಕಾಯಿಲೆಯಂತೆ ಕಂಡಿದ್ದವು. ದೊಡ್ಡ ಯುಪಿಎಸ್ ಬಂದ ಮೇಲೆ ಆ ದೂರು ನಿಂತಿತು.

ಸೊಳ್ಳೆ ಪರದೆಗೆ ಅದರದೇ ಬೇಡಿಕೆಯಿದೆ. ಮೂರು ವಾರಕ್ಕೆ ಅದರ ಮೇಲೆ ದೂಳಿನ ಹೊದಿಕೆ ಕೂತು ಕಾರ್ಡು ನಾಲ್ಕು ಡಿಗ್ರಿ ಏರುತ್ತದೆ. ಮೊದಲು ಒಳಗೆ ಸೇರುತ್ತಿದ್ದ ದೂಳು ಈಗ ಕಣ್ಣೆದುರಿಗೇ ನಿಲ್ಲುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಶುಕ್ರವಾರದ ಅಂಗಡಿ ಪೂಜೆಗೆ ಮುಂಚೆ ಕ್ಯಾಮೆರಾಗಳನ್ನು ಒರೆಸುವ ಕೆಲಸದ ಹುಡುಗನಿಗೆ ಈ ಕೆಲಸವೂ ಬಿದ್ದಿದೆ. ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿರುವ ಜೋಡಣೆಯನ್ನು ಆರಿಸಿಕೊಂಡವರು ಜಾಲರಿಯನ್ನು ಒರೆಸದೆ ಬಿಟ್ಟರೆ, ಒಳಬರುವ ಗಾಳಿ ಸೊರಗಿ ಮತ್ತೆ ಹಳೆಯ ಸ್ಥಿತಿಗೇ ಮರಳುತ್ತಾರೆ.

ಈ ಅಂಕಿಗಳನ್ನು ಹಾಗೆಯೇ ಬೇರೆ ಯಂತ್ರಕ್ಕೆ ಹಚ್ಚುವಂತಿಲ್ಲ. ಇವರ ಕಾರ್ಡು ತನ್ನ ಶಾಖವನ್ನು ಕ್ಯಾಬಿನೆಟ್ಟಿನೊಳಗೇ ಚೆಲ್ಲುವಂಥದ್ದು. ಬ್ಲೋವರ್ ಮಾದರಿಯ ಕಾರ್ಡು ಅದನ್ನು ಹಿಂದಿನಿಂದ ನೇರ ಹೊರಗೆ ಊದುತ್ತದೆ, ಅಲ್ಲಿ ಹಿಂದಿನ ಫ್ಯಾನಿನ ಹೊರೆ ಕಡಿಮೆ. ಮುಂಭಾಗದಲ್ಲಿ ಮೊದಲೇ ಲೋಹದ ಜಾಲರಿ ಇರುವ ಕ್ಯಾಬಿನೆಟ್ಟಿನಲ್ಲಿ ಮೇಲಿನ ಫ್ಯಾನ್ ಇಷ್ಟು ತೊಂದರೆ ಕೊಡದಿರಬಹುದು. ಬೆಂಗಳೂರಿನ ಹವೆಯಲ್ಲಿ ಇದೇ ಯಂತ್ರ ಇದೇ ಗೂಡಿನಲ್ಲಿ ವರ್ಷಗಟ್ಟಲೆ ದೂರಿಲ್ಲದೆ ಓಡಿದ್ದರೂ ಆಶ್ಚರ್ಯವಿಲ್ಲ. ಗಾಜಿನ ಕ್ಯಾಬಿನೆಟ್ಟನ್ನು ಕೊಂಡ ಎಷ್ಟೋ ಮಂದಿಗೆ ಅದರ ದೋಷ ಗೊತ್ತಾಗದೇ ಉಳಿಯುವುದು ಹೀಗೆ. ಊದುಬತ್ತಿಯ ಪರೀಕ್ಷೆ ಮಾತ್ರ ಎಲ್ಲಿಯಾದರೂ ನಡೆಯುತ್ತದೆ. ಹೊಗೆಯನ್ನು ಹೊರಗಿನಿಂದ ಹಿಡಿಯಬೇಕು, ಬೂದಿ ಫ್ಯಾನಿನೊಳಗೆ ಬೀಳಬಾರದು, ದಿಕ್ಕು ಕಂಡ ಕೂಡಲೇ ಆರಿಸಬೇಕು.

ಮಳೆಗಾಲ ಬಂದ ಮೇಲೂ ಗಾಜು ತಿರುಗಿ ಬರಲಿಲ್ಲ. ಅದೀಗ ಸ್ಟುಡಿಯೊದಲ್ಲಿ ಮಗುವಿನ ಚಿತ್ರವೊಂದಕ್ಕೆ ಚೌಕಟ್ಟಿನ ಗಾಜಾಗಿದೆ. ದೀಪಾವಳಿಗೆ ಅವರು ಆಲ್ಬಂ ವಿನ್ಯಾಸಕ್ಕೆಂದು ಎರಡನೆಯ ಯಂತ್ರ ಮಾಡಿಸಿದಾಗ ಹುಡುಗ ತಂದದ್ದು ಮುಂದೆ ಜಾಲರಿಯ ಕ್ಯಾಬಿನೆಟ್, ಒಳಕ್ಕೆ 140 ಮಿ.ಮೀ. ಫ್ಯಾನ್ ಎರಡು, ಹೊರಕ್ಕೆ 120ರದ್ದು ಒಂದು, ಒಂದರಲ್ಲೂ ದೀಪವಿಲ್ಲ. ಗಿರಾಕಿಗಳಿಗೆಂದು ಟೇಬಲ್ಲಿನ ಅಂಚಿಗೆ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿಯೊಂದನ್ನು ಅಂಟಿಸಿದ್ದಾರೆ. ಅದನ್ನೂ ಯುಪಿಎಸ್‌ಗೆ ಸೇರಿಸಬೇಡಿರೆಂದು ಹೇಳಿದ್ದೇನೆ.